ಐಸಿಗಿಂತ ಎಳೆಯ ಗಾಳಿ

ನಿಮ್ಮ ಇಂದಿರಾನಗರದ ಆಯಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ ಮಕ್ಕಳೇ, ಇಲ್ಲದಿದ್ದರೆ ಮುಂದಿನದು ಯಾವುದೂ ನಿಮಗೆ ತಿಳಿಯುವುದಿಲ್ಲ. ಬಾಯಲ್ಲಿ ಹೇಳು ಎಂದರೆ ನನ್ನಿಂದ ಆಗದು. ನಾಲ್ಕು ಜನ ಕೂತ ಕಡೆ ನನ್ನ ನಾಲಿಗೆ ಏಳುವುದಿಲ್ಲ. ಬರೆಯುವಾಗ ಎದುರಿಗೆ ಯಾರ ಮುಖವೂ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಕೆ ನನ್ನ ಸೊಸೆಯ ತಾಯಿ, ನನ್ನ ಬೀಗಿತ್ತಿ. ಧಾರವಾಡದವರು. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳಿ ನಿವೃತ್ತರಾದವರು. ನಾನು ಹೊಸಕೋಟೆ ಆಚೆಯ ಹಳ್ಳಿಯಲ್ಲಿ ಏಳನೇ ಕ್ಲಾಸು ಓದಿ, ದೊಡ್ಡನೆಕ್ಕುಂದಿಗೆ ಸೊಸೆಯಾಗಿ ಬಂದವಳು. ನಾನು ಬಂದಾಗ ಮನೆಯ ಮುಂದೆ ನಮ್ಮದೇ ರಾಗಿ ಹೊಲವಿತ್ತು. ಈಗ ಆ ಜಾಗದಲ್ಲಿ ಗಾಜಿನ ಕಟ್ಟಡ ನಿಂತಿದೆ. ಮಧ್ಯಾಹ್ನ ತಿರುಗಿತೋ ಇಲ್ಲವೋ ಅದರ ನೆರಳು ನಮ್ಮ ಜಗಲಿಗೆ ಬಂದು ಕೂರುತ್ತದೆ. ಬೀಗಿತ್ತಿ ಇಂಗ್ಲಿಷ್ ಪೇಪರನ್ನು ಕನ್ನಡಕವಿಲ್ಲದೆ ಓದುತ್ತಾರೆ. ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತುತ್ತಾರೆ. ಅವರ ಮನೆಗೆ ಹೋದರೆ ಒಳಕೋಣೆಯಿಂದ ಗಂಡನ ಕೆಮ್ಮು ಕೇಳಿಸುತ್ತದೆ. ನಿಮ್ಮ ತಾತ ಹೋದ ಮೇಲೆ ಆ ಕೆಮ್ಮಿಗೂ ನಾನು ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಇವೆಲ್ಲ ಚಿಲ್ಲರೆ. ನಿಜವಾದ ಉರಿ ನಿಮ್ಮ ದೊಡ್ಡಕ್ಕನದು.

ಅವಳು ನನ್ನ ಮೊದಲ ಮೊಮ್ಮಗಳು. ಸೊಸೆಯ ರಜೆ ಮುಗಿದು ಆಫೀಸಿಗೆ ಹೋಗತೊಡಗಿದಾಗ ಅವಳಿಗೆ ಇನ್ನೂ ಕುತ್ತಿಗೆ ನಿಂತಿರಲಿಲ್ಲ. ಎರೆದದ್ದು ನಾನು, ತಟ್ಟಿ ಮಲಗಿಸಿದ್ದು ನಾನು. ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದರೇ ಅವಳಿಗೆ ನಿದ್ದೆ. ಹತ್ತನೇ ಕ್ಲಾಸು ಮುಗಿಯುವ ತನಕ ಅವಳ ಜಡೆ ಹಾಕಿದವಳೂ ನಾನೇ. ಆಮೇಲೆ ಕಾಲೇಜು ಇಂದಿರಾನಗರದ ಕಡೆ ಸಿಕ್ಕಿತು. ಆಗ ಮೆಟ್ರೋ ಇಲ್ಲಿಯವರೆಗೆ ಬಂದಿರಲಿಲ್ಲ. ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಮಗು ದಿನಾ ಹೊಗೆ ಕುಡಿದುಕೊಂಡು ಹೋಗುವುದು ಬೇಡ, ಎರಡು ವರ್ಷ ಆಯಿಯ ಮನೆಯಲ್ಲೇ ಇರಲಿ ಎಂದು ಮನೆಯವರೆಲ್ಲ ಮಾತಾಡಿಕೊಂಡರು. ನಾನೂ ಆಗಲಿ ಎಂದೆ. ಹೋಗುವಾಗ ನನ್ನ ಮಗುವಾಗಿ ಹೋದವಳು ಬರುವಾಗ ಅವರ ಶಿಷ್ಯೆಯಾಗಿ ಬಂದಳು. ಊಟಕ್ಕೆ ಕೂತರೂ ಆಯಿ ಹಿಂಗಂದ್ರು, ಆಯಿ ಹಂಗಂದ್ರು. ಇಡ್ಲಿ ಪಾತ್ರೆಯ ಮುಚ್ಚಳದ ಮೇಲೆ ನೀರು ಯಾಕೆ ಕೂರುತ್ತದೆ ಎಂದು ನನಗೆ ಪಾಠ ಮಾಡಿದಳು. ಅಷ್ಟು ವರ್ಷದಿಂದ ನಾನೇ ಆ ನೀರು ಒರೆಸಿದ್ದೆ, ಅದು ಯಾಕೆ ಎಂದು ಕೇಳಿಕೊಂಡಿರಲಿಲ್ಲ.

ಮುಂದೆ ಅವಳು ಓದಿ, ಸಮುದ್ರದ ಕಡೆಯ ಒಂದು ಊರಿನಲ್ಲಿ ಲ್ಯಾಬು ಸೇರಿದಳು. ಅಲ್ಲಿ ಏನು ಮಾಡುತ್ತಾಳೆ ಎಂದು ನನಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಕಳೆದ ವರ್ಷದ ದೀಪಾವಳಿಗೆ ಬಂದಾಗ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಧೈರ್ಯ ಮಾಡಿ ನಾನೇ ಕೇಳಿದೆ.

"ಮಗಾ, ನಿಂಗೆ ಅಲ್ಲಿ ಏನ್ ಕೆಲ್ಸ?"

"ಐಸ್ ಕಣಜ್ಜಿ. ಹಳೇ ಐಸ್!" ಎಂದು ನಕ್ಕು ನನ್ನ ಕೆನ್ನೆ ಹಿಂಡಿದಳು.

ಅಷ್ಟೇ. ಆಮೇಲೆ ಆಯಿಯ ಕಡೆ ತಿರುಗಿದಳು. ಕೈಯನ್ನು ಮೇಲೆ ಕೆಳಗೆ ಆಡಿಸುತ್ತ, ಇಂಗ್ಲಿಷಿನಲ್ಲಿ, ಕಣ್ಣರಳಿಸಿಕೊಂಡು ಏನೇನೋ ಹೇಳಿದಳು. ಆಯಿ ನಡುನಡುವೆ ಏನೋ ಕೇಳುವರು, ಇವಳು ಇನ್ನೂ ಜೋರಾಗಿ ಹೇಳುವಳು. ಎಲೆಯ ಮೇಲಿದ್ದ ಒಬ್ಬಟ್ಟಿನ ತುಪ್ಪ ಗಟ್ಟಿಯಾಯಿತು. ಬಡಿಸಿದವಳು ನಾನು, ನೋಡುತ್ತ ನಿಂತೆ. ಅವಳು ಕೆನ್ನೆ ಹಿಂಡಿದ್ದು ಪ್ರೀತಿಯಿಂದಲೇ. ಆದರೆ ತೊಟ್ಟಿಲ ಮಗುವಿನ ಕೆನ್ನೆಯನ್ನೂ ಜನ ಹಾಗೇ ಹಿಂಡುತ್ತಾರೆ.

ಈ ಸಲ ಕಾರ್ತಿಕದಲ್ಲಿ ಸುದ್ದಿ ಬಂತು. ಅವಳು ಅಂಟಾರ್ಕ್ಟಿಕಾಗೆ ಹೋಗುತ್ತಾಳೆ, ಐಸು ಕೊರೆಯುವ ತಂಡದ ಜೊತೆ. ನಮಗೆ ಚಳಿಗಾಲವಾದಾಗ ಅಲ್ಲಿ ಬೇಸಿಗೆಯಂತೆ, ಆ ಬೇಸಿಗೆಯಲ್ಲೂ ಕಟ್ಟಿದ ಐಸು ಕರಗುವುದಿಲ್ಲವಂತೆ. ತಿರುಗಿ ಬರುವುದು ಮೂರು ನಾಲ್ಕು ತಿಂಗಳ ಮೇಲೆ. ಫೋನು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಹೊರಡುವ ಮುಂಚೆ ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಾಳೆ, ಬೀಗರನ್ನೂ ಕರೆದಿದ್ದೇವೆ ಎಂದು ಮಗ ಹೇಳಿದ.

ನನ್ನ ವಯಸ್ಸಿಗೆ ಮೂರು ನಾಲ್ಕು ತಿಂಗಳು ಎಂದರೆ ಸಣ್ಣದಲ್ಲ. ಆ ಭಾನುವಾರ ಅವಳು ನನ್ನ ಪಕ್ಕ ಕೂತು, ನನಗೆಂದು, ತಾನು ಯಾಕೆ ಅಷ್ಟು ದೂರ ಹೋಗುತ್ತಿದ್ದೇನೆ ಎಂದು ಹೇಳಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ. ಆದರೆ ಹೇಳಿಸಿಕೊಳ್ಳುವುದಾದರೂ ಹೇಗೆ? "ಏನ್ ಕೆಲ್ಸ" ಎಂದರೆ "ಹಳೇ ಐಸ್" ಎನ್ನುತ್ತಾಳೆ. ಕೇಳುವುದಕ್ಕೂ ಒಂದಿಷ್ಟು ಗೊತ್ತಿರಬೇಕು. ಮಗನನ್ನು ಕೇಳಿದೆ. "ಕ್ಲೈಮೇಟ್ ಚೇಂಜ್ ಅಮ್ಮ, ನಿಂಗೆ ಹೇಳಿದ್ರೂ ತಲೆನೋವು," ಎಂದ. ಸೊಸೆ ಫೋನಿನಲ್ಲಿ ವಿಡಿಯೋ ಹಾಕಿ ಕೊಟ್ಟಳು, ಅದೂ ಇಂಗ್ಲಿಷು. ಬಿಳಿ ಬಯಲು, ಕೆಂಪು ಕೋಟು ಹಾಕಿದ ಜನ, ಕಂಬದಂತೆ ಉದ್ದಕ್ಕೆ ಕೊರೆದು ತೆಗೆದ ಐಸು ಕಂಡಿತು. ಒಂದು ಮಾತೂ ತಿಳಿಯಲಿಲ್ಲ.

ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು ಒಬ್ಬರೇ ಇದ್ದರು. ಯಾರ ಮೇಲೆ ಹೊಟ್ಟೆಕಿಚ್ಚೋ ಅವರೇ.

ನೀವು ಈಗಿನ ಮಕ್ಕಳು, ನಿಮಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಬೀಗರ ಮನೆಗೆ ಕರೆಯದೆ ಹೋಗುವುದಿಲ್ಲ, ಒಬ್ಬರೇ ಹೋಗುವುದಿಲ್ಲ, ಬರಿಗೈಯಲ್ಲಂತೂ ಹೋಗುವುದೇ ಇಲ್ಲ. ಗಂಡಿನ ತಾಯಿ ಹೇಳದೆ ಕೇಳದೆ ಹೆಣ್ಣಿನ ಮನೆಯ ಬಾಗಿಲಲ್ಲಿ ನಿಂತಳು ಎಂದರೆ ಮನೆಯಲ್ಲಿ ಏನೋ ದೊಡ್ಡದು ನಡೆದಿದೆ ಎಂದೇ ಲೆಕ್ಕ. ಸಾವೋ, ಜಗಳವೋ ಎರಡರಲ್ಲಿ ಒಂದು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಫೋನು ಮಾಡಿ "ಬರ್ತೀನಿ" ಎಂದರೆ "ಯಾಕೆ" ಎನ್ನುತ್ತಾರೆ, ಆ ಯಾಕೆಗೆ ಫೋನಿನಲ್ಲಿ ಉತ್ತರ ಹೇಳುವ ಬಾಯಿ ನನಗಿಲ್ಲ. ಒಂದು ಚೀಲ ಹೊಸ ಅವರೆಕಾಯಿ ತೆಗೆದುಕೊಂಡು, ಆಟೋದಲ್ಲಿ ಕೆ.ಆರ್. ಪುರಕ್ಕೆ ಹೋಗಿ ಮೆಟ್ರೋ ಹತ್ತಿದೆ. ಬೋಗಿ ತುಂಬ ಸೊಗಡಿನ ವಾಸನೆ. ಪಕ್ಕದಲ್ಲಿ ಕೂತ ಹುಡುಗಿ ಕಿವಿಯ ವೈರು ತೆಗೆದು, "ಆಂಟಿ, ಅವರೆಕಾಯಾ? ಎಲ್ಲಿ ಸಿಕ್ತು?" ಎಂದು ಕೇಳಿದಳು.

ಬೀಗಿತ್ತಿ ಬಾಗಿಲು ತೆಗೆದವರೇ ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಯಾರೂ ಇಲ್ಲ. ಅವರ ಮುಖ ಬಿಳಿಚಿಕೊಂಡಿತು.

"ಯಾಕ್ರಿ ಬೀಗರ, ಒಬ್ಬರ ಬಂದೀರಿ? ಮನ್ಯಾಗ ಯಾರಿಗೇನಾತ್ರಿ?"

"ಯಾರ್ಗೂ ಏನೂ ಇಲ್ಲ."

"ಮತ್ತ? ನನ್ನ ಮಗಳು ಏನರ ಅಂದಳೇನ್ರಿ ನಿಮಗ?"

"ಅಯ್ಯೋ, ಇಲ್ಲ ಬೀಗ್ರೇ, ಅವರೆಕಾಯಿ..." ಎಂದು ಚೀಲ ಮುಂದೆ ಹಿಡಿದೆ.

ದೊಡ್ಡನೆಕ್ಕುಂದಿಯಿಂದ ಅವರೆಕಾಯಿ ಕೊಡುವುದಕ್ಕೆ ಒಬ್ಬಳೇ ಬಂದೆ ಎಂದರೆ ಯಾರು ನಂಬುತ್ತಾರೆ? ನನ್ನನ್ನು ಸೋಫಾದ ಮೇಲೆ ಕೂರಿಸಿ, ಕೈಗೆ ನೀರಿನ ಲೋಟ ಕೊಟ್ಟು, ಅಡುಗೆಮನೆಗೆ ಹೋಗಿ ಮಗಳಿಗೆ ಫೋನು ಹಚ್ಚಿದರು. ಸಣ್ಣ ದನಿಯಲ್ಲಿ ಮಾತಾಡುತ್ತಿದ್ದೇನೆ ಎಂದು ಅವರು ತಿಳಿದಿದ್ದರು. ಪಾಠ ಹೇಳಿದ ಗಂಟಲು, ನಾನು ಕೂತಿದ್ದ ಕಡೆಗೂ ಕೇಳುತ್ತಿತ್ತು.

"ಖರೇ ಹೇಳು, ಏನ ಅಂದಿ ಅವರಿಗೆ? ಹಿರೇ ಮನಷಾರು ಒಬ್ಬರ ಎದ್ದು ಬಂದಾರಂದ್ರ ಸುಮ್ಮನ ಅಲ್ಲ!"

ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಮಗ.

"ಅಮ್ಮ, ಎಲ್ಲಿದೀಯ? ಬೀಗರ ಮನೇಗ್ ಯಾಕ್ ಹೋದೆ? ಇವಳು ಆಫೀಸಲ್ಲಿ ಕೂತ್ಕೊಂಡು ಅಳ್ತಾ ಇದ್ದಾಳೆ!"

ಅವನದು ಮುಗಿಯುವಷ್ಟರಲ್ಲಿ ಕೆ.ಆರ್. ಪುರದಲ್ಲಿರುವ ನನ್ನ ಮಗಳ ಫೋನು. "ಅಮ್ಮ, ಅತ್ತಿಗೆ ಏನಾದ್ರೂ ಅಂದ್ರಾ? ಅಂದಿದ್ರೆ ಹೇಳು, ನಮ್ಮನೇಗ್ ಬಂದ್ಬಿಡು, ನಾನ್ ನೋಡ್ಕೋತೀನಿ."

ನನಗೆ ನೆಲ ಬಿರಿದು ನುಂಗಬಾರದೇ ಎನಿಸಿತು. ಬೀಗಿತ್ತಿ ಬಂದು ಎದುರು ಕೂತರು. ಅವರ ಕಣ್ಣಲ್ಲೂ ನೀರು. ಇನ್ನು ಮುಚ್ಚಿಟ್ಟರೆ ಸಂಸಾರವೇ ಎರಡಾಗುತ್ತದೆ ಎಂದು ಹೆದರಿ ಬಾಯಿ ಬಿಟ್ಟೆ.

"ಐಸು," ಎಂದೆ.

"ಐಸು? ಫ್ರಿಜ್ಜು ಕೆಟ್ಟದೇನ್ರಿ?"

"ಅಲ್ಲ. ಮಗು ಹೋಗ್ತಾ ಇರೋ ಐಸು. ಅದೇನು ಅಂತ ನಂಗೆ ಹೇಳ್ಕೊಡ್ತೀರಾ? ಅವಳು ನಿಮ್ ಹತ್ರ ಎಲ್ಲಾ ಹೇಳ್ತಾಳೆ, ನನ್ ಹತ್ರ ಏನೂ ಹೇಳಲ್ಲ."

ಬೀಗಿತ್ತಿ ನನ್ನನ್ನೇ ನೋಡಿದರು. ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಎದ್ದು ಮಗಳಿಗೆ ಮತ್ತೆ ಫೋನು ಮಾಡಿ, "ಅಳಬ್ಯಾಡ, ಏನೂ ಆಗಿಲ್ಲ, ಬೀಗರು ಫಿಸಿಕ್ಸ್ ಕಲೀಲಿಕ್ಕೆ ಬಂದಾರ," ಎಂದರು. ಆ ಕಡೆಯಿಂದ ಸೊಸೆ ಏನೆಂದಳೋ, "ಹುಚ್ಚಿ, ಖರೇನ ಹೇಳ್ತೀನಿ" ಎಂದು ಇಟ್ಟರು. ಯಾರೂ ನಂಬಲಿಲ್ಲ ಎಂದು ಆಮೇಲೆ ತಿಳಿಯಿತು.

ದೇವರ ಬತ್ತಿ ಹೊಸೆಯಲು ಇಟ್ಟಿದ್ದ ಹತ್ತಿಯನ್ನು ತಂದರು. ನೀಳವಾದ ಒಂದು ಗಾಜಿನ ಲೋಟ ತಂದರು. ಹತ್ತಿಯನ್ನು ಹಿಂಜಿ ಹಿಂಜಿ ಲೋಟದೊಳಗೆ ಉದುರಿಸುತ್ತ ಹೇಳತೊಡಗಿದರು. ಅಲ್ಲಿ ಹಿಮ ಬೀಳುತ್ತದೆ, ಕರಗುವುದಿಲ್ಲ. ಮರುವರ್ಷ ಅದರ ಮೇಲೆ ಇನ್ನೊಂದು ಪದರ, ಆಚೆ ವರ್ಷ ಮತ್ತೊಂದು. ಮೇಲಿನ ಭಾರಕ್ಕೆ ಕೆಳಗಿನದು ಅಮುಕಿ ಅಮುಕಿ ಗಟ್ಟಿ ಐಸಾಗುತ್ತದೆ. ಹಾಗೆ ಆಗುವಾಗ ಹಿಮದ ಸಂದಿಯಲ್ಲಿದ್ದ ಗಾಳಿ ಸಣ್ಣ ಸಣ್ಣ ಗುಳ್ಳೆಗಳಾಗಿ ಒಳಗೇ ಸಿಕ್ಕಿಬೀಳುತ್ತದೆ. ಆಳಕ್ಕೆ ಹೋದಷ್ಟೂ ಹಿಂದಿನ ಕಾಲದ ಗಾಳಿ.

"ಎಂಟು ಲಕ್ಷ ವರ್ಷದ ಹಿಂದಿನ ಗಾಳೀ ತನಕ ತಗದಾರ್ರಿ," ಎಂದರು. "ಆವಾಗಿನ ಗಾಳಿ ಹ್ಯಾಂಗಿತ್ತು ಅಂತ ಯಾರೂ ಬರದಿಟ್ಟಿಲ್ಲ, ಬರಿಯೂ ಮನಷ್ಯಾರ ಇರಲಿಲ್ಲ. ಐಸು ಇಟಗೊಂಡು ಕುಂತದ."

ಆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿತ್ತು ಎಂದು ಅಳೆಯುವುದು ನಿಮ್ಮ ಅಕ್ಕನ ತಂಡದ ಕೆಲಸ. ಸೌದೆ ಉರಿದರೆ, ಪೆಟ್ರೋಲು ಉರಿದರೆ ಬರುವ ಗಾಳಿ ಅದು, ನಾವು ಉಸಿರು ಬಿಟ್ಟರೂ ಬರುತ್ತದೆ. ಅದು ಹೆಚ್ಚಾದರೆ ಭೂಮಿಗೆ ಕಂಬಳಿ ಹೊದಿಸಿದ ಹಾಗೆ. ಆ ಎಂಟು ಲಕ್ಷ ವರ್ಷದಲ್ಲಿ ಅದು ಏರಿದೆ, ಇಳಿದಿದೆ, ಆದರೆ ಈಗಿನಷ್ಟು ಎಂದೂ ಇರಲಿಲ್ಲವಂತೆ.

"ಐಸು ಕರಗಿಸಿದ್ರೆ ಗಾಳಿ ಆಚೆ ಬರುತ್ತೇನೋ," ಎಂದೆ.

"ಕರಗಿಸಬಾರದು!" ಎಂದು ಕೈ ಎತ್ತಿದರು. ಕ್ಲಾಸಿನಲ್ಲಿ ಹಾಗೇ ಎತ್ತುತ್ತಿದ್ದರು ಎಂದು ಕಾಣುತ್ತದೆ. ಎದ್ದು ಹೋಗಿ ರಂಗೋಲಿ ಪುಡಿ ತಂದು, ತಟ್ಟೆಗೆ ಹಾಕಿ, ಅದರ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರು. ಪುಡಿ ಸುಯ್ಯೆಂದು ನೊರೆಗಟ್ಟಿತು. "ಈ ನೊರಿಯೊಳಗ ಇರೂದು ಅದ ಗಾಳಿ. ಐಸಿನ್ಯಾಗ ಇಂಥಾ ಸುಣ್ಣದ ಧೂಳಿ ಒಂಚೂರು ಇರತದ. ಕರಗಿಸಿ ನೀರು ಮಾಡಿದ್ರ ಹಿಂಗ ಹೊಸಾದು ಹುಟ್ಟಿ, ಹಳೇದರ ಜೋಡಿ ಕೂಡಿಬಿಡತದ. ಅದಕ್ಕ ಗಾಳಿ ಎಲ್ಲಾ ಜಗ್ಗಿ ತಗದ ಡಬ್ಬಿಯೊಳಗ, ಥಂಡಿ ಒಳಗ ಇಟ್ಟು, ಐಸನ್ನ ಕರಗಗೊಡದ ಹಂಗ ಪುಡಿ ಮಾಡ್ತಾರ. ಗುಳ್ಳಿ ಒಡದು ಗಾಳಿ ಹೊರಗ ಬರತದ."

ಎಷ್ಟು ಚೆನ್ನಾಗಿ ಹೇಳುತ್ತಾರೆ ಎಂದು ಆಗಲೂ ಹೊಟ್ಟೆ ಉರಿಯಿತು. ಎರಡು ವರ್ಷ ಈ ಮನೆಯಲ್ಲಿ, ಇದೇ ಮೇಜಿನ ಮುಂದೆ ಕೂತರೆ ಯಾವ ಹುಡುಗಿ ತಿರುಗಿ ಬಂದಾಳು?

ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಹತ್ತಿಯನ್ನು ಲೋಟದಲ್ಲಿ ಅಮುಕುತ್ತ ಅವರೇ ಅಂದರು: "ಎರಡು ವರ್ಷ ಇಲ್ಲೆ ಇದ್ಲು. ಒಂದ ದಿನಾನೂ ನನ್ನ ತೊಡೀ ಮ್ಯಾಲೆ ತಲಿ ಇಡಲಿಲ್ಲ ನೋಡ್ರಿ. ಜ್ವರ ಬಂದಾಗೂ 'ನಮ್ಮಜ್ಜಿ ಬೇಕು' ಅಂತ ಅತ್ಳು. ನಾ ರಾತ್ರಿ ಎಲ್ಲಾ ಹಣೀ ಮ್ಯಾಲೆ ತಣ್ಣನ್ನ ಬಟ್ಟಿ ಹಾಕಿದಾಕಿ."

ಇದು ನನಗೆ ಯಾರೂ ಹೇಳಿರಲಿಲ್ಲ. "ಪಾಪ" ಎಂದೆ. ಒಳಗೊಳಗೆ ಸಕ್ಕರೆ ತಿಂದಷ್ಟು ಸಂತೋಷವಾಯಿತು.

ಆಮೇಲೆ ಅವರು ಲೋಟವನ್ನು ನನ್ನ ಬಾಯಿಯ ಹತ್ತಿರ ಹಿಡಿದು "ಊದ್ರಿ" ಎಂದರು. ಊದಿದೆ. ಮೇಲಿನ ಸಡಿಲ ಹತ್ತಿಯೊಳಗೆ ಉಸಿರು ನುಗ್ಗಿ ಎಳೆಗಳು ಅಲ್ಲಾಡಿದವು. ತಳದಲ್ಲಿ ಅಮುಕಿದ್ದ ಹತ್ತಿ ಅಲ್ಲಾಡಲಿಲ್ಲ.

"ಹಿಮಾ ಬಿದ್ದ ದಿನಾನ ಗಾಳಿ ಸಿಕ್ಕೊಳ್ಳೂದಿಲ್ರಿ. ಭಾಳ ಆಳಕ್ಕ ಹೋಗಿ ಗಟ್ಟಿ ಆಗೂ ತನಕ ಮ್ಯಾಲಿನ ಹೊಸಾ ಗಾಳಿ ಒಳಗ ಆಡತಿರತದ. ಅಂದಮ್ಯಾಲೆ ಒಂದ ತುಣುಕಿನ್ಯಾಗ ಐಸಿಗೆ ವಯಸ್ಸು ಜಾಸ್ತಿ, ಒಳಗಿನ ಗಾಳಿಗೆ ಕಡಿಮಿ." ಲೋಟವನ್ನು ಕೆಳಗಿಟ್ಟು ಹೇಳಿದರು: "ಬೀಗರ, ಇದನ್ನ ಕೇಳ್ರಿ ಅಕೀಗೆ. ಐಸಿನ ವಯಸ್ಸೂ ಗಾಳಿ ವಯಸ್ಸೂ ಒಂದೇನವಾ ಅಂತ. ಬರೇ ಅಷ್ಟ. ಅಕಿ ಎದ್ದು ಹೋಗೂದಿಲ್ಲ."

"ನೀವೇ ಕೇಳ್ಬೋದಿತ್ತಲ್ಲ?"

"ಭಾನುವಾರ ಕೇಳಬೇಕಂತ ಇಟಗೊಂಡಿದ್ದೆ. ಇಷ್ಟು ದಿನಾ ನನಗೂ ಹೊಳದಿರಲಿಲ್ಲ, ಮೊನ್ನೆ ಎಲ್ಲೋ ಓದಿದೆ." ನಕ್ಕರು. "ಒಯ್ರಿ. ಅವರೆಕಾಯಿ ತಂದೀರಿ, ಬರಿಗೈಲೇ ಕಳಸಬಾರದು."

ಭಾನುವಾರ ಬೆಳಿಗ್ಗೆಯಿಂದ ಕೂತು ಅವರೆಕಾಳು ಹಿತುಕಿದೆ. ಬೆರಳ ತುದಿಯೆಲ್ಲ ಸುಕ್ಕಾಯಿತು. ಒಲೆ ಮುಂದೆಯೂ ಆ ಪ್ರಶ್ನೆಯನ್ನೇ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಸೊಸೆ ಇಣುಕಿ, "ಅತ್ತೀ, ಯಾರ ಜೋಡಿ ಮಾತಾಡ್ತೀರಿ?" ಎಂದಳು. ಅವಳಿಗೆ ಇನ್ನೂ ಅನುಮಾನ, ಆ ದಿನ ನಾನು ಅವಳ ಮೇಲೆ ದೂರು ಹೇಳಿಯೇ ಬಂದಿದ್ದೇನೆ ಎಂದು.

ದೊಡ್ಡಕ್ಕ ಬಂದಳು. ನೀವೂ ಇದ್ದಿರಿ, ಆದರೆ ನೀವೆಲ್ಲ ಅವಳ ಹೊಸ ಕೋಟನ್ನು ಹಾಕಿಕೊಂಡು ಜಗಲಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದಿರಿ. ಬೀಗರು ಬಂದರು. ಎಲೆ ಹಾಕಿ ಮುದ್ದೆ ಇಟ್ಟೆ, ಹಿತುಕಿದ ಬೇಳೆ ಸಾರು ಬಿಟ್ಟೆ. ದೊಡ್ಡಕ್ಕ ಮೊದಲ ತುತ್ತು ನುಂಗಿ ಕಣ್ಣು ಮುಚ್ಚಿ, "ಅಜ್ಜಿ, ಇದನ್ನ ಪ್ಯಾಕ್ ಮಾಡ್ಕೊಟ್ರೆ ಅಲ್ಲಿಗೇ ತಗೊಂಡ್ಹೋಗ್ತೀನಿ," ಎಂದಳು. ಆಮೇಲೆ ಎಂದಿನಂತೆ ಆಯಿಯ ಕಡೆ ತಿರುಗಿದಳು. ಇಂಗ್ಲಿಷು ಶುರುವಾಗುವುದರಲ್ಲಿತ್ತು. ನನ್ನ ಕೈಯಲ್ಲಿ ಸಾರಿನ ಸೌಟು.

"ಮಗಾ," ಎಂದೆ. ದನಿ ಅರ್ಧಕ್ಕೇ ನಿಂತಿತು. ಮತ್ತೆ ಹೇಳಿದೆ. "ಮಗಾ, ನೀನು ತೆಗಿಯೋ ಐಸು ಇದೆಯಲ್ಲ. ಆ ಐಸಿಗೂ ಅದರೊಳಗಿರೋ ಗಾಳಿಗೂ ಒಂದೇ ವಯಸ್ಸಾ?"

ದೊಡ್ಡಕ್ಕನ ತುತ್ತು ಎಲೆ ಮೇಲೇ ನಿಂತಿತು. ನನ್ನ ಮಗ ತಲೆ ಎತ್ತಿದ.

"ಅಜ್ಜಿ! ಏನ್ ಕೇಳಿದ್ರಿ ಇನ್ನೊಂದ್ಸಲ ಹೇಳಿ?"

ಹೇಳಿದೆ. ಬೀಗಿತ್ತಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ಆದರೂ ಕಣ್ಣಂಚಿನಲ್ಲಿ ಕಂಡಿತು. ಯಾರು ಏನು ಕೇಳಿದರೂ ಮೊದಲು ಉತ್ತರ ಹೇಳುವ ಅಭ್ಯಾಸ ಅವರದು. ಅವರ ಬಾಯಿ ತೆರೆಯಿತು. ಮುಚ್ಚಿತು. ಮುದ್ದೆ ಮುರಿದು ಬಾಯಿಗೆ ಹಾಕಿಕೊಂಡರು. ಧಾರವಾಡದವರಿಗೆ ಮುದ್ದೆ ನುಂಗಲು ಬರುವುದಿಲ್ಲ, ಅಗಿಯುತ್ತಾರೆ. ಬಹಳ ಹೊತ್ತು ಅಗಿಯುತ್ತಲೇ ಇದ್ದರು.

"ಇದೇ ಅಜ್ಜಿ ನನ್ ಕೆಲ್ಸ!" ಎಂದು ದೊಡ್ಡಕ್ಕ ಎಂಜಲು ಕೈಯಲ್ಲೇ ಎದ್ದು ಬಂದು, ನನ್ನನ್ನೂ ಕೂರಿಸಿ, ಪಕ್ಕ ನೆಲದ ಮೇಲೆ ಕೂತಳು. "ಎರಡೂ ಒಂದೇ ವಯಸ್ಸಲ್ಲ. ಎಷ್ಟು ಅಂತರ ಅಂತ ಕಂಡುಹಿಡಿಯೋದೇ ನನ್ ಕೆಲ್ಸ."

ಹೇಳಿದಳು. ಕನ್ನಡದಲ್ಲಿ, ಪದ ಸಿಗದ ಕಡೆ ತಡವರಿಸುತ್ತ, ಗಾಳಿಯಲ್ಲಿ ಚಿತ್ರ ಬರೆಯುತ್ತ. ಬೀಗಿತ್ತಿ ಹೇಳದೇ ಇದ್ದದ್ದನ್ನೂ ಹೇಳಿದಳು. ಹಿಮ ಜಾಸ್ತಿ ಬೀಳುವ ಕಡೆ ಬೇಗ ಗಟ್ಟಿಯಾಗುತ್ತದೆ, ಅಲ್ಲಿ ಐಸಿಗೂ ಗಾಳಿಗೂ ಮೂವತ್ತು ನಲವತ್ತು ವರ್ಷಗಳ ಅಂತರ. ಹಿಮ ಅಪರೂಪವಾಗಿ ಬೀಳುವ ಕಡೆ ಸಾವಿರಾರು ವರ್ಷಗಳ ಅಂತರ.

"ಐಸು ಹೇಳೋದು ಆಗ ಚಳಿ ಎಷ್ಟಿತ್ತು ಅಂತ ಅಜ್ಜಿ. ಗಾಳಿ ಹೇಳೋದು ಇಂಗಾಲ ಎಷ್ಟಿತ್ತು ಅಂತ. ಇವೆರಡರ ವಯಸ್ಸು ಸರಿಯಾಗಿ ಹೊಂದಿಸ್ಲಿಲ್ಲ ಅಂದ್ರೆ, ಯಾವ್ದು ಮೊದ್ಲಾಯ್ತು ಯಾವ್ದು ಆಮೇಲಾಯ್ತು ಅನ್ನೋದೇ ತಲೆಕೆಳಗಾಗ್ಬಿಡುತ್ತೆ."

ನಾನು ಏನೂ ಅರಿಯದವಳಂತೆ ಹೂಂ ಹೂಂ ಎನ್ನುತ್ತ ಕೇಳಿದೆ. ಎಲ್ಲರೂ ಎದ್ದು ಕೈ ತೊಳೆದರು.

ಅವಳು ಅಲ್ಲೇ ಕೂತಿದ್ದಳು. ಕೈಯ ಮುದ್ದೆ ಒಣಗಿ ಹಿಟ್ಟಿನ ಹಾಗೆ ಉದುರುತ್ತಿತ್ತು. ಯಾರೂ ಹತ್ತಿರ ಇಲ್ಲದಾಗ ಮೆಲ್ಲನೆ ಹೇಳಿದಳು: "ಅಜ್ಜಿ, ನಂಗೆ ಭಯ ಆಗ್ತಿದೆ. ಚಳಿಗಲ್ಲ. ಅಷ್ಟು ಕಷ್ಟಪಟ್ಟು ಕೊರೆದು ತೆಗೆದಿರೋದನ್ನ ನನ್ ಕೈಯಲ್ಲಿ ಕೊಡ್ತಾರೆ. ನಾನ್ ಹಾಳ್ಮಾಡ್ಬಿಟ್ರೆ? ಇನ್ನೊಂದ್ಸಲ ಅದೇ ತುಂಡು ಸಿಗಲ್ಲ."

"ಆಯಿ ಹತ್ರ ಹೇಳಿದ್ಯಾ?"

"ಆಯಿ ಹತ್ರ ಹೆಂಗೆ ಹೇಳ್ಲಿ? ಭಯ ಅಂದ್ರೆ ಅವ್ರಿಗೆ ಬೇಜಾರಾಗುತ್ತೆ."

"ತೊಟ್ಟಿಲಿಂದ ನಿನ್ನನ್ನ ಎತ್ಕೊಳ್ಳೋವಾಗ ನಂಗೂ ಹಂಗೇ ಆಗ್ತಿತ್ತು," ಎಂದೆ. "ಕೈ ತೊಳ್ಕೋ. ಇನ್ನರ್ಧ ಮುದ್ದೆ ಇದೆ, ಹಾಕ್ಲಾ?" ಹಾಕಿಸಿಕೊಂಡಳು. ತಿಂದಳು. ಆಮೇಲೆ ಅಲ್ಲೇ ನೆಲದ ಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಕಾಲು ಚಾಚಿದಳು. ಬಾಗಿಲಲ್ಲಿ ಬೀಗಿತ್ತಿ ನಿಂತಿದ್ದರು. ನೋಡಿ, ಏನೋ ಮರೆತವರಂತೆ ಹಿಂದಕ್ಕೆ ಹೋದರು. ನಾನು ನೋಡಿಯೂ ಅವಳ ತಲೆಯನ್ನು ಎತ್ತಿ ಕಳಿಸಲಿಲ್ಲ.

ಸಂಜೆ ಹೊರಡುವ ಹೊತ್ತಿಗೆ ಎಲ್ಲರೂ ಗೇಟಿನ ಹತ್ತಿರ ನಿಂತೆವು. ಕಾರಿನಲ್ಲಿ ಕೂತ ದೊಡ್ಡಕ್ಕ ಕಿಟಕಿಯಿಂದ ಮುಖ ಹೊರಗೆ ಹಾಕಿ ಕೂಗಿದಳು.

"ಆಯಿ, ಫಿಸಿಕ್ಸ್ ಓದಿರೋ ನೀವೇ ಯಾವತ್ತೂ ಇದನ್ನ ಕೇಳ್ಲಿಲ್ಲ ನೋಡಿ! ನಮ್ಮಜ್ಜಿ ಕೇಳ್ಬಿಟ್ರು!"

ನನ್ನ ಕಿವಿ ಬಿಸಿಯಾಯಿತು. ಈಗ ಹೇಳುತ್ತಾರೆ ಎಂದುಕೊಂಡೆ. ಹೇಳಬೇಕಾದದ್ದೇ, ಪ್ರಶ್ನೆ ಅವರದು. ಒಂದು ಮಾತು ಸಾಕಿತ್ತು.

"ಹೌದಲ್ಲವಾ," ಎಂದರು ಬೀಗಿತ್ತಿ. "ನನಗ ಹೊಳೀಲೇ ಇಲ್ಲ ನೋಡು."

ಕಾರು ತಿರುವಿನಲ್ಲಿ ಮರೆಯಾಯಿತು. ಉಳಿದವರೆಲ್ಲ ಒಳಗೆ ಹೋದರು. ನಾವಿಬ್ಬರೇ ನಿಂತಿದ್ದೆವು.

"ಯಾಕ್ ಹೇಳ್ಲಿಲ್ಲ ನೀವು?" ಎಂದೆ.

"ಹೇಳಿದ್ರ ಅಕಿ ಮತ್ತ ನನ್ನ ಕಡೆ ತಿರಗತಿದ್ಲು," ಎಂದರು. "ಇವತ್ತ ನಿಮ್ಮ ಪಾಳಿ." ಆಮೇಲೆ ನನ್ನ ಮುಖ ನೋಡಿ, "ಏನ ನಾಟಕ ರೀ ನಿಮ್ಮದು, ಏನೂ ಗೊತ್ತಿಲ್ಲದವರಂಗ ಹೂಂ ಹೂಂ ಅಂತ! ನಾಟಕದ ಕಂಪನೀ ಸೇರಬೇಕಿತ್ತು ನೀವು," ಎಂದು ಭುಜಕ್ಕೆ ತಟ್ಟಿದರು.

ನನಗೆ ಅಳು ಬರಬೇಕಿತ್ತು, ಇಲ್ಲ ಅವರ ಕೈ ಹಿಡಿದುಕೊಳ್ಳಬೇಕಿತ್ತು. ಬಂದದ್ದು ಅದೇ ಹಳೆಯ ಉರಿ. ಅವರ ಜಾಗದಲ್ಲಿ ನಾನಿದ್ದಿದ್ದರೆ ಕಾರಿನ ಹಿಂದೆ ಓಡಿಹೋಗಿಯಾದರೂ ಹೇಳಿಬಿಡುತ್ತಿದ್ದೆ. ಓದಿನಲ್ಲಿ ಮುಂದಿದ್ದಾರೆ ಎಂಬುದನ್ನು ಹೇಗೋ ನುಂಗಿಕೊಂಡಿದ್ದೆ. ಮನಸ್ಸಿನಲ್ಲೂ ಮುಂದಿದ್ದಾರೆ ಎಂದು ಕಂಡ ಮೇಲೆ ಇನ್ನು ಯಾವುದರಲ್ಲಿ ನಾನು ಅವರನ್ನು ಹಿಂದೆ ಹಾಕಲಿ? ಸಾರಿನಲ್ಲಿ ಮಾತ್ರ.

ದೊಡ್ಡಕ್ಕ ತಿರುಗಿ ಬಂದ ಮೇಲೆ ಇದನ್ನು ಓದಲಿ. ಆ ಪ್ರಶ್ನೆ ಆಯಿ ಕೊಟ್ಟದ್ದು ಎಂದು ತಿಳಿದ ಕೂಡಲೇ ಅವಳು ಎದ್ದು ಇಂದಿರಾನಗರಕ್ಕೆ ಓಡುತ್ತಾಳೆ, ಅದು ನನಗೆ ಗೊತ್ತು. ಓಡಲಿ. ಊಟ ಮಾತ್ರ ನಮ್ಮಲ್ಲಿ ಮುಗಿಸಿಕೊಂಡು ಹೋಗಲಿ.